ಇತರ ಎಂಬ ಫೋಲ್ಡರು

ಮೊನ್ನೆ ನನ್ನ ಫೋನು ಮುಷ್ಕರ ಹೂಡಿತು. ಒಳಗೆ ಜಾಗವಿಲ್ಲ, ಇನ್ನು ಒಂದು ಫೋಟೊ ಕೂಡ ಹಿಡಿಸುವುದಿಲ್ಲ ಎಂದು ಹಟ ಮಾಡಿ ಕೂತಿತು. ಸಾಂಗಲಿಯಿಂದ ಮಿರಜದ ತವರಿಗೆ ಹೋಗಿದ್ದಾಗ ತಮ್ಮನ ಮಗಳು ಅದನ್ನು ನನ್ನ ಕೈಯಿಂದ ಕಸಿದುಕೊಂಡು, ಸಂತೆ ಮುಗಿದ ಬಯಲಿನ ಹಾಗಿದೆಯಲ್ಲ ಆತ್ಯಾ ಇದು, ಎಂದು ಮರಾಠಿಯಲ್ಲಿ ಬೈದಳು. ಅವಳಿಗೆ ಕನ್ನಡ ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂಬ ಮಾತಿಗೆ ಆಮೇಲೆ ಬರುತ್ತೇನೆ. ಬರದೆ ಎಲ್ಲಿಗೆ ಹೋಗಲಿ.

ಇದ್ದಬದ್ದುದನ್ನೆಲ್ಲ ಅವಳು ತನ್ನ ಲ್ಯಾಪ್‌ಟಾಪಿಗೆ ಸುರಿದುಕೊಂಡು ಒಂದಷ್ಟು ಸಾಲು ಬರೆದಳು. ಸ್ಕ್ರಿಪ್ಟು ಎನ್ನುತ್ತಾರಲ್ಲ, ನಾಟಕದ್ದಲ್ಲ, ಯಂತ್ರಕ್ಕೆ ಕೊಡುವ ಅಪ್ಪಣೆ. ನಾನು ಕೆಳಗೆ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿದ್ದೆ. ನನ್ನ ಕೈಯಲ್ಲಿ ಇನ್ನೂ ಮೊದಲನೇ ಸೂಡು ಇರುವಾಗಲೇ ಅಲ್ಲಿ ಫೋಟೊಗಳು ಒಂದು ಫೋಲ್ಡರಿಗೆ, ವಿಡಿಯೊಗಳು ಇನ್ನೊಂದಕ್ಕೆ, ಲೈಟ್ ಬಿಲ್ಲುಗಳು ಮತ್ತೊಂದಕ್ಕೆ ಹೋಗಿ, ಅವುಗಳ ಹೊಟ್ಟೆಯೊಳಗೆ ವರ್ಷಕ್ಕೊಂದರಂತೆ ಮರಿ ಫೋಲ್ಡರುಗಳಾಗಿ ಕೂತವು. ಎಲ್ಲೂ ಹೊಂದದ ಚೂರುಪಾರುಗಳಿಗೆ ಕೊನೆಯಲ್ಲಿ ಒಂದು ಫೋಲ್ಡರು ಹುಟ್ಟಿಕೊಂಡಿತು. ಅದರ ಹೆಸರು 'ಇತರ'.

ಆ ಮೂರಕ್ಷರ ಕಂಡದ್ದೇ ತಡ, ನನ್ನ ಕಿವಿ ಬಿಸಿಯಾದವು. ಐವತ್ತು ದಾಟಿದ ಹೆಂಗಸು, ಮಗನ ಮದುವೆ ಮಾಡುವ ವಯಸ್ಸು, ಒಂದು ಫೋಲ್ಡರಿನ ಹೆಸರು ಓದಿ ನಾಚಿಕೊಳ್ಳುವುದೆಂದರೆ ನಿಮಗೂ ನಗು ಬಂದೀತು. "ಕಾಯ ಝಾಲಂ ಆತ್ಯಾ?" ಏನಾಯಿತು ಎಂದು ಹುಡುಗಿ ಕೇಳಿದಳು. ಏನಿಲ್ಲ ಎಂದು ಮೆಂತ್ಯೆಯ ಮೇಲೆ ತಲೆ ಬಗ್ಗಿಸಿದೆ. ಅವಳಿಗೆ ಹೇಳಲಾಗದ್ದನ್ನು ನಿಮ್ಮ ಮುಂದೆ ಹೇಳಿಬಿಡುತ್ತೇನೆ. ನೀವು ನನ್ನ ಮುಖ ನೋಡುವುದಿಲ್ಲವಲ್ಲ, ಅದೊಂದು ಅನುಕೂಲ.

ಒಂದು ಕಾಲದಲ್ಲಿ ನಾನೂ ಇಂಥ ಸ್ಕ್ರಿಪ್ಟು ಬರೆದವಳು. ಆಗಿನ್ನೂ ಹೊಸ ಗಾಳಿ ಬೀಸತೊಡಗಿದ ದಿನಗಳು. ಸಾಂಗಲಿ-ಮಿರಜ ರಸ್ತೆಯ ಎರಡೂ ಬದಿಯ ಕಬ್ಬಿನ ಹೊಲಗಳಲ್ಲಿ ಸುಣ್ಣ ಬಳಿದ ಕಲ್ಲು ನೆಟ್ಟು ಪ್ಲಾಟು ಮಾಡುತ್ತಿದ್ದರು. ಇವತ್ತು ಹೊಲ, ಬರುವ ವರ್ಷ ಅಪಾರ್ಟ್‌ಮೆಂಟು. ಗಲ್ಲಿಗೊಂದು ಕಂಪ್ಯೂಟರ್ ಕ್ಲಾಸು ತೆರೆದಿತ್ತು, ಬಿ.ಕಾಂ. ಮುಗಿಸಿ ಮದುವೆಗೆ ಕಾಯುತ್ತಿದ್ದ ಹುಡುಗಿಯರನ್ನೆಲ್ಲ ಮನೆಯವರು ಅಲ್ಲಿಗೆ ಕಳಿಸುತ್ತಿದ್ದರು. ನಾನೂ ಕಾಯುತ್ತಿದ್ದೆ, ನಾನೂ ಹೋದೆ. ಕ್ಲಾಸು ಮುಗಿಯಿತು, ಕಾಯುವುದು ಮುಗಿಯಲಿಲ್ಲ. ಇಪ್ಪತ್ತೇಳು ದಾಟಿತು.

ನಮ್ಮ ಜೈನ ಸಮಾಜದವರು ಸಾಂಗಲಿಯಲ್ಲಿ ಒಂದು ವಧು-ವರ ಮಾಹಿತಿ ಕೇಂದ್ರ ನಡೆಸುತ್ತಿದ್ದರು. ಅದನ್ನು ನೋಡಿಕೊಳ್ಳುವ ಹಿರಿಯರನ್ನು ಊರೆಲ್ಲ ಕಾಕಾ ಎನ್ನುತ್ತಿತ್ತು. ಕಿರಾಣಿ ಅಂಗಡಿಯನ್ನು ಮಕ್ಕಳ ಕೈಗಿಟ್ಟು ಸಮಾಜಸೇವೆಗೆ ಇಳಿದವರು. ಕೇಂದ್ರಕ್ಕೆ ಒಂದು ಕಂಪ್ಯೂಟರು ಬಂದಾಗ ಅದನ್ನು ಮುಟ್ಟುವವರು ಬೇಕಾಗಿ ನನ್ನನ್ನು ಕರೆದರು. ಆ ಖೋಲಿಗೆ ಚಪ್ಪಲಿ ಬಿಟ್ಟು ಒಳಗೆ ಬರಬೇಕಿತ್ತು. ಯಂತ್ರಕ್ಕೆ ಧೂಳು ಆಗುವುದಿಲ್ಲ ಎಂಬುದು ಕಾರಣ. ಆದರೆ ಬಂದವರು ಮಾನಿಟರಿನ ಮೇಲಿನ ಕುಂಕುಮದ ಬೊಟ್ಟು ನೋಡಿ ಕೈಯನ್ನೂ ಮುಗಿಯುತ್ತಿದ್ದರು. ಬಸದಿಗೆ ಬಂದವರ ಹಾಗೆ ಮೆಲ್ಲಗೆ ಮಾತಾಡುತ್ತಿದ್ದರು. ಕಪ್ಪು ಪರದೆ, ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆ, ಮದುವೆಗೆ ಬಂದ ಮಕ್ಕಳ ತಂದೆಯಂದಿರ ಕೆಮ್ಮು. ನನ್ನ ಕೆಲಸವೆಂದರೆ, ತುಂಬಿ ಕೊಟ್ಟ ಮಾಹಿತಿಯನ್ನು ಒಬ್ಬೊಬ್ಬರಿಗೆ ಒಂದೊಂದು ಫೈಲಿನಂತೆ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುವುದು.

ಕುಟ್ಟಬೇಕಾದವುಗಳಲ್ಲಿ ನನ್ನದೂ ಒಂದಿತ್ತು. ಅಪ್ಪನೇ ತುಂಬಿ ತಂದಿದ್ದ.

ಅಪ್ಪನ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗಲಿಕ್ಕಿಲ್ಲ. ಮೂಲ ಮ್ಹೈಸಾಳದ ಮನೆತನ. ಅಜ್ಜನ ಕಾಲಕ್ಕೇ ಹೊಲ ಹಂಚಿಹೋಗಿ, ಅಪ್ಪ ಸಾಂಗಲಿಯ ಅರಿಸಿನ ಪೇಟೆಯಲ್ಲಿ ಗುಮಾಸ್ತನಾದ. ಉಗುರು ಯಾವಾಗಲೂ ಹಳದಿ. ತಲೆದಿಂಬಿನ ಚೀಲವೂ ಹಳದಿಯಾಗುತ್ತದೆಂದು ಅವ್ವ ಗೊಣಗುತ್ತಿದ್ದಳು. ಅವ್ವ ಅಥಣಿ ಕಡೆಯವಳು. ಮಿರಜಕ್ಕೆ ಬಂದು ಇಷ್ಟು ವರ್ಷವಾದರೂ ಕಾಯಿಪಲ್ಯದವಳ ಹತ್ತಿರ ಚೌಕಾಸಿ ಮಾಡುವಷ್ಟು ಮರಾಠಿ ಮಾತ್ರ ಕಲಿತಿದ್ದಳು, ಅದಕ್ಕಿಂತ ಹೆಚ್ಚು ಬೇಕೆಂದು ಅವಳಿಗೆ ಅನಿಸಲೂ ಇಲ್ಲ. ನಾನು ಕಾಲೇಜಿನಲ್ಲಿರುವಾಗ ತೀರಿಕೊಂಡಳು. ತಮ್ಮ ಪುಣೆಗೆ ಓದಲು ಹೋದ. ಮನೆಯಲ್ಲಿ ಉಳಿದವರು ನಾನು, ಅಪ್ಪ, ಮತ್ತು ನಮ್ಮಿಬ್ಬರ ನಡುವೆ ಅವ್ವ ಬಿಟ್ಟುಹೋದ ಅವಳ ಕನ್ನಡ.

ಅಪ್ಪ ನೇಮದ ಮನುಷ್ಯ. ನಮ್ಮಲ್ಲಿ ನೇಮ ಹಿಡಿಯುವುದು ಹೊಸದಲ್ಲ. ಚಾತುರ್ಮಾಸ ಬಂತೆಂದರೆ ಒಬ್ಬರು ಬದನೆಕಾಯಿ ಬಿಡುತ್ತಾರೆ, ಒಬ್ಬರು ಬೆಲ್ಲ ಬಿಡುತ್ತಾರೆ, ನನ್ನಂಥವರು ಮೊದಲೇ ಸೇರದ ಹಾಗಲಕಾಯಿ ಬಿಟ್ಟು ಪುಣ್ಯ ಕಟ್ಟಿಕೊಳ್ಳುತ್ತಾರೆ. ಅಪ್ಪನ ನೇಮ ಹಾಗಲ್ಲ. ಏನು ಬಿಟ್ಟೆ, ಯಾಕೆ ಬಿಟ್ಟೆ, ಎಲ್ಲಿಯವರೆಗೆ ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಿದರೆ ನೇಮದ ಸತ್ವ ಹೋಗುತ್ತದಂತೆ. ತಮ್ಮ ಹತ್ತನೇ ಇಯತ್ತೆಯಲ್ಲಿದ್ದಾಗ ಅಪ್ಪ ಇದ್ದಕ್ಕಿದ್ದಂತೆ ಚಹಾ ಬಿಟ್ಟ. ಹೊಟ್ಟೆ ಸರಿಯಿಲ್ಲವೇನೋ ಎಂದುಕೊಂಡೆವು. ಫಲಿತಾಂಶ ಬಂದು ತಮ್ಮ ಪಾಸಾದ ದಿನ ಸಂಜೆ ಚಪ್ಪಲಿ ಬಿಡುತ್ತ, "ಚಾ ಮಾಡು" ಎಂದ. ಆಗ ಗೊತ್ತಾಯಿತು ನಮಗೆ, ಆ ಚಹಾ ಯಾರ ಸಲುವಾಗಿ ನಿಂತಿತ್ತೆಂದು.

ಇಂಥ ಅಪ್ಪ ನನ್ನ ಮಾಹಿತಿ ತುಂಬಿದ. ಎತ್ತರ, ಬಣ್ಣ, ಓದು, ಎಲ್ಲ ಸರಿಯಾಗಿತ್ತು. ಮಾತೃಭಾಷೆ ಎಂಬಲ್ಲಿ ಮಾತ್ರ ಮರಾಠಿಯಲ್ಲಿ 'ಘರೀ ಕನ್ನಡ, ಬಾಹೇರ ಮರಾಠಿ' ಎಂದು ದುಂಡಗೆ ಬರೆದಿದ್ದ. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ.

"ಯಾವದರ ಒಂದ ಬರೀರಿ ಅಪ್ಪಾ," ಅಂದೆ.

"ಎರಡೂ ಖರೆ ಅದಾವಲಾ. ಒಂದ ಬರದ್ರ ಅರ್ಧಾ ಸುಳ್ಳ ಆಗತೈತಿ," ಅಂದ.

ನಾನು ಹಾಗೇ ಕುಟ್ಟಿದೆ. ತನ್ನ ಬಣ್ಣ 'ಸಾವಳಾ', ಅಂದರೆ ಎಣ್ಣೆಗಪ್ಪು, ಎಂದು ತಾನೇ ಕುಟ್ಟಿಕೊಳ್ಳುವಾಗ ಹೇಗಾಗುತ್ತದೆಂದು ಕೇಳಬೇಡಿ. ಬಾಗಿಲಿನ ಕಡೆ ಯಾರಾದರೂ ಬಂದರೇ ಎಂದು ನಾಲ್ಕು ಸಲ ತಿರುಗಿ ನೋಡಿದ್ದೆ.

ಫೈಲುಗಳು ಹೆಚ್ಚಾದ ಹಾಗೆ ಹುಡುಕುವುದು ಕಷ್ಟವಾಯಿತು. ಕಾಕಾನ ತಲೆಯಲ್ಲಿ ಇನ್ನೂ ಕಿರಾಣಿ ಅಂಗಡಿಯೇ ಇತ್ತು. "ಜೀರಗಿ ಡಬ್ಬ್ಯಾಗ ಸಾಸವಿ ಇರಬಾರ್ದವಾ. ಕಣ್ಣ ಮುಚ್ಚಿ ಕೈ ಹಾಕಿದ್ರ ಬೇಕಾದ್ದ ಸಿಗಬೇಕು," ಎಂದರು. ಅದರಲ್ಲೂ ಭಾಷೆಯ ತಂಟೆ ಬಹಳವಾಗಿತ್ತು. ಸಾಂಗಲಿಯವರು ಫೋಟೊ ಮೆಚ್ಚಿ ಹೋದರೆ ಹುಡುಗಿಗೆ ಕನ್ನಡ ಬಿಟ್ಟು ಬೇರೆ ಬರುತ್ತಿರಲಿಲ್ಲ. ಚಿಕ್ಕೋಡಿ ಕಡೆಯವರು ಬಂದರೆ ಇಲ್ಲಿಯ ಹುಡುಗಿ, "ಕನ್ನಡ ತಿಳಿತೈತಿ, ಮಾತಾಡಾಕ ಬರಂಗಿಲ್ಲ" ಎಂದು ತಲೆ ತಗ್ಗಿಸುತ್ತಿದ್ದಳು. ಉಪ್ಪಿಟ್ಟು ಚಹಾ ಎರಡೂ ಕಡೆ ದಂಡ. ಆದ್ದರಿಂದ ಮೊದಲು ಭಾಷೆಯ ಡಬ್ಬಿ ಮಾಡು, ಓದು ನೌಕರಿ ಆಮೇಲೆ, ಎಂದು ಅಪ್ಪಣೆಯಾಯಿತು.

ನಾನು ಸ್ಕ್ರಿಪ್ಟು ಬರೆದೆ. ಬಹಳ ಸರಳವಾದದ್ದು. ಒಂದೊಂದೇ ಫೈಲನ್ನು ತೆರೆದು ನೋಡು. ಮಾತೃಭಾಷೆ ಎಂಬ ಶಬ್ದದ ಬೆನ್ನಿಗೇ ಮರಾಠಿ ಎಂದಿದ್ದರೆ ಮರಾಠಿ ಫೋಲ್ಡರಿಗೆ ಒಯ್ದು ಹಾಕು, ಕನ್ನಡ ಎಂದಿದ್ದರೆ ಕನ್ನಡದ್ದಕ್ಕೆ ಹಾಕು. ಎರಡೂ ಅಲ್ಲದಿದ್ದರೆ 'ಇತರ' ಎಂಬ ಫೋಲ್ಡರು ಮಾಡಿ ಅದರಲ್ಲಿಡು. ಗುಜರಾತಿ, ಹಿಂದಿಯವರು ಒಬ್ಬಿಬ್ಬರು ಇದ್ದಾರು, ಅವರು ಅಲ್ಲಿರಲಿ ಎಂದು ನನ್ನ ಲೆಕ್ಕ.

ಕಾಕಾ ತಾವೇ ಬಟನ್ ಒತ್ತಿದರು. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಓಡಿದವು. ನಿಂತ ಮೇಲೆ ನೋಡಿದರೆ ಎಲ್ಲಕ್ಕಿಂತ ದೊಡ್ಡ ಹೊಟ್ಟೆ ಇತರದ್ದೇ. ತೆರೆದರೆ ಎಲ್ಲ ನಮ್ಮವರೇ. 'ಎರಡೂ' ಎಂದು ಬರೆದವರು, 'ಮನೆಯಲ್ಲಿ ಕನ್ನಡ' ಎಂದು ಬರೆದವರು, 'ಅಜ್ಜಿಯ ಕೂಡ ಕನ್ನಡ, ಉಳಿದವರ ಕೂಡ ಮರಾಠಿ' ಎಂದು ಬರೆದವರು, ಏನು ಬರೆಯಬೇಕೋ ತಿಳಿಯದೆ ಬರೀ ಗೆರೆ ಎಳೆದವರು. ಅಪ್ಪನೊಬ್ಬನೇ ಹೀಗೆ ಎಂದುಕೊಂಡಿದ್ದೆ. ನೋಡಿ ಸ್ವಲ್ಪ ಸಮಾಧಾನವೇ ಆಯಿತು. ಜಾತ್ರೆಯಲ್ಲಿ ಕಳೆದುಹೋದವರೆಲ್ಲ ಒಂದೇ ಕಟ್ಟೆಯ ಮೇಲೆ ಕೂತ ಹಾಗೆ.

ಕಾಕಾಗೆ ಸಮಾಧಾನವಾಗಲಿಲ್ಲ. "ಸಮಾಜ ಅಂದಮ್ಯಾಲ ಒಂದ ಭಾಷಾ ಹೇಳಾಕ ಬರಬಾರದನ? ಮಂದಿ ನಕ್ಕಾರು. ಮನಿ ಮನಿಗೆ ಫೋನ್ ಹಚ್ಚು. ಒಂದ ಹೇಳ್ರಿ ಅನ್ನು." ನಾನು ಫೋನ್ ಹಚ್ಚಿದೆ. ಒಬ್ಬ ತಂದೆ, "ಯಾವದ ಹಾಕಿದ್ರ ಚಲೋ ಮನಿ ಸಿಗತೈತಿ ಅದನ್ನ ಹಾಕವಾ" ಎಂದ. ಹರಿಪುರದ ಒಬ್ಬ ತಾಯಿ ಕನ್ನಡದಲ್ಲೇ ಇಷ್ಟುದ್ದ ಮಾತಾಡಿ, ಊಟವಾಯಿತೇ ಎಂದು ನನ್ನನ್ನೂ ವಿಚಾರಿಸಿ, ಕಡೆಗೆ ದನಿ ತಗ್ಗಿಸಿ, "ಮರಾಠಿ ಅಂತ ಬರ್ಕೋರಿ" ಎಂದಳು. ಹೀಗೆ ಒಂದೊಂದೇ ಫೈಲು ಇತರದಿಂದ ಎದ್ದು ಹೋಯಿತು. ಹೆಚ್ಚಿನವು ಮರಾಠಿಗೆ. ಕೊನೆಗೆ ಅದರಲ್ಲಿ ಉಳಿದದ್ದು ಒಂದು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎನ್ನುತ್ತಾರಲ್ಲ, ಆ ಎಡವಟ್ಟು ನಾನೇ. ಅಪ್ಪನಿಗೆ ಕಾಕಾ ಎರಡು ಸಲ ಹೇಳಿ ನೋಡಿದ್ದರು. "ನೋಡೂಣ್ರಿ" ಎಂದು ಅಪ್ಪ ನಕ್ಕು ಸುಮ್ಮನಾಗಿದ್ದ.

ರವಿವಾರ ಕೇಂದ್ರಕ್ಕೆ ಜನ ಬರುವ ದಿನ. ಕಾಕಾಗೆ ಆ ಸ್ಕ್ರಿಪ್ಟಿನ ಮೇಲೆ ಎಷ್ಟು ಮೋಹವೆಂದರೆ, ಬಂದವರ ಮುಂದೆ ಎಲ್ಲ ಫೈಲುಗಳನ್ನೂ ಮತ್ತೆ ಒಟ್ಟು ಕಲೆಹಾಕಿಸಿ, ಮತ್ತೆ ಬಟನ್ ಒತ್ತಿ, ಅವು ತಾವಾಗಿ ಡಬ್ಬಿ ಸೇರುವುದನ್ನು ತೋರಿಸುತ್ತಿದ್ದರು. ಆ ರವಿವಾರ ಇಚಲಕರಂಜಿಯಿಂದ ಒಂದು ದೊಡ್ಡ ಮನೆತನದವರು ಬಂದಿದ್ದರು. ಹುಡುಗನ ತಾಯಿ ಮುಂದಿನ ಕುರ್ಚಿಯಲ್ಲಿ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗೋಡೆಯ ಹತ್ತಿರದ ಮಡಿಚುವ ಕುರ್ಚಿಯಲ್ಲಿ ಕೂತಿದ್ದ. ಪ್ರತಿ ರವಿವಾರ ಹಾಗೇ ಬಂದು ಕೂಡುತ್ತಿದ್ದ, ನನ್ನನ್ನು ಕರೆದೊಯ್ಯಲು ಎಂಬ ನೆಪದಿಂದ.

ಸಾಲುಗಳು ಓಡಿ ನಿಂತವು. ಆ ಹೆಂಗಸು ಕನ್ನಡಕ ಏರಿಸಿ ನೋಡಿದಳು. "ಅದ್ಯಾಕ್ರಿ ಕಾಕಾ, ಒಂದ ಬ್ಯಾರೆ ಇಟ್ಟೀರಿ? ದೋಷ ಐತೇನು?"

"ದೋಷ ಅಲ್ರಿ ಬಾಯಾರ," ಕಾಕಾ ನಕ್ಕರು. "ಅದು ಈ ಹುಡುಗೀದ. ಇಕಿ ಅಪ್ಪ ಭಾಷಾ ಒಂದ ಹೇಳವಲ್ಲ."

ಎಲ್ಲರೂ ಮೊದಲು ಪರದೆ ನೋಡಿದರು, ಆಮೇಲೆ ಅದರ ಮುಂದೆ ಕೂತ ನನ್ನನ್ನು. ಸಾವಳಾ ಎಂದು ಬರೆದದ್ದಕ್ಕೂ ನನ್ನ ಮುಖಕ್ಕೂ ತಾಳೆ ಹಾಕುತ್ತಿದ್ದಾರೆ ಎನಿಸಿತು. "ತನ್ನ ಭಾಷಾ ಯಾವದಂತ ಗೊತ್ತಿಲ್ಲದ ಹುಡುಗಿ ಏನವಾ ನೀ?" ಎಂದಳು ಆ ಹೆಂಗಸು. ಕೆಟ್ಟ ಮನಸ್ಸಿನಿಂದಲ್ಲ, ಸಲಿಗೆಯಿಂದ. ಖೋಲಿ ತುಂಬ ನಗು.

ಹಿಂದೆ ಕುರ್ಚಿ ಕಿರ್ ಎಂದಿತು. ಅಪ್ಪ ಎದ್ದು ನಿಂತಿದ್ದ. ಹಳದಿ ಉಗುರಿನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

"ಗೊತ್ತಿಲ್ಲಂತಲ್ರಿ ಬಾಯಾರ. ಇಕಿ ಅವ್ವ ಇರೂತನಾ ಇಕಿ ಮನ್ಯಾಗ ಕನ್ನಡಾ ಮಾತಾಡ್ಕೋತ ಬೆಳದಾಳ. ಸಾಲಿ, ಬಾಜಾರ, ಗೆಳತ್ಯಾರು, ಎಲ್ಲಾ ಮರಾಠಿ. ಒಂದ ತಗದ ಹಾಕ್ರಿ ಅಂದ್ರ ಯಾವದ ತಗೀಲ್ರಿ?"

ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು. ಯಾರೋ ಎದ್ದು ಫ್ಯಾನು ಜೋರು ಮಾಡಿದರು. ಆ ಹೆಂಗಸು ಇಂಜಿನಿಯರ್ ಹುಡುಗಿಯರನ್ನು ತೋರಿಸು ಎಂದಳು. ತೋರಿಸಿದೆ. ಆ ಹೊತ್ತು ನನಗೆ ಅಪ್ಪನ ಮೇಲೆ ಅಭಿಮಾನ ಉಕ್ಕಿತೆಂದು ಬರೆದರೆ ನಿಮಗೂ ಹಿತವಾದೀತು, ನನಗೂ ಹಿತವಾದೀತು. ಉಕ್ಕಲಿಲ್ಲ. ನಾಚಿಕೆಯಾಯಿತು. ಅವನ ಉಗುರು, ಅವನ ಇಸ್ತ್ರಿ ಅಂಗಿ, ಸತ್ತ ಅವ್ವನನ್ನು ಆ ಮಂದಿಯ ನಡುವೆ ಎಳೆದು ತಂದದ್ದು, ಎಲ್ಲಕ್ಕೂ. ಅಪ್ಪ ಇವತ್ತು ಬಾರದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ.

ಮಿರಜಕ್ಕೆ ಸಿಟಿ ಬಸ್ಸಿನಲ್ಲಿ ಹೋದೆವು. ಅಪ್ಪ ಕಿಟಕಿಯ ಜಾಗ ನನಗೆ ಬಿಟ್ಟ. ಇಳಿದು ಮನೆಯ ಗಲ್ಲಿ ತಿರುಗುವಾಗ ಕೇಳಿದ:

"ಅದರಾಗಿಂದ ತಗದ್ರ ನಿನ್ನ ಫೈಲ್ ಯಾರರ ನೋಡ್ತಾರೇನು?"

"ನೋಡಬಹುದ್ರಿ," ಅಂದೆ.

ಅದೇ ವಾರ, ಪೇಟೆಯ ಊಟದ ವೇಳೆಯಲ್ಲಿ ಅಪ್ಪ ಕೇಂದ್ರಕ್ಕೆ ಬಂದ. ಮೈಮೇಲೆಲ್ಲ ಅರಿಸಿನದ ಧೂಳು. ಹೊರಗೆ ಚಪ್ಪಲಿ ಬಿಟ್ಟು, ಅಂಗಿ ಝಾಡಿಸಿಕೊಂಡು, ಒಳಗೆ ಬಂದು ನನ್ನ ಹಿಂದೆ ನಿಂತ.

"ಮರಾಠಿ ಅಂತ ಬರಿ."

ಬರೆದೆ. ಸ್ಕ್ರಿಪ್ಟು ಓಡಿಸಿದೆ. ಒಂದೇ ಒಂದು ಸಾಲು ಬಂತು.

"ಹೋತೇನು?"

"ಹೋತ್ರಿ."

"ಆ ಡಬ್ಬಿ?"

"ಖಾಲಿ ಆತ್ರಿ."

"ಚಲೋ ಆತು," ಎಂದು ಹೊರಟುಹೋದ. ನನಗೆ ಹಗುರವಾಯಿತು. ಅಷ್ಟೇ ಆಯಿತು, ಹೆಚ್ಚೇನೂ ಅನಿಸಲಿಲ್ಲ.

ಸಂಜೆ ಅಪ್ಪ ಮನೆಗೆ ಬಂದು ಕೈಕಾಲು ತೊಳೆದು, "ಪಾಣೀ ದೇ ಗ" ಎಂದ. ಯಾರೋ ಮರಾಠಿಯವರನ್ನು ಜೊತೆಗೆ ಕರೆತಂದಿದ್ದಾನೆ ಎಂದುಕೊಂಡು ನಾನು ಸೆರಗು ಸರಿಮಾಡಿಕೊಂಡು ಅವನ ಬೆನ್ನ ಹಿಂದೆ ಇಣುಕಿದೆ. 'ನೀರು ಕೊಡು' ಎಂದು ಕೇಳಿದ್ದು ನನ್ನನ್ನೇ. ಕೊಟ್ಟೆ. ಊಟಕ್ಕೆ ಕೂತಾಗ ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎಂದ, ಮರಾಠಿಯಲ್ಲಿ. ಮರುದಿನ ಬೆಳಿಗ್ಗೆ ಹಾಲಿನವನು ಬಂದಿದ್ದಾನೆ ಎಂದ, ಮರಾಠಿಯಲ್ಲಿ. ಮೊದಮೊದಲು ನಾನು ಕನ್ನಡದಲ್ಲೇ ಉತ್ತರ ಕೊಟ್ಟೆ, ಅವನು ಮರಾಠಿಯಲ್ಲೇ ಕೇಳಿದ. ನಾಲ್ಕು ದಿನದಲ್ಲಿ ನನಗೆ ತಿಳಿಯಿತು. ಇದು ನೇಮ. ಅಪ್ಪ ಜೀವಮಾನದಲ್ಲಿ ಒಂದು ಸುಳ್ಳು ಬರೆಸಿದ್ದ. ಬರೆಸಿದ್ದನ್ನು ಅಳಿಸುವಂತಿಲ್ಲ, ಅಳಿಸಿದರೆ ಮಗಳು ಮತ್ತೆ ಆ ಡಬ್ಬಿಗೆ. ಹಾಗಾದರೆ ಬರೆಸಿದ್ದನ್ನು ಖರೆ ಮಾಡುವುದೊಂದೇ ಉಳಿದದ್ದು. ಮನೆಯೊಳಗೂ ಮರಾಠಿಯಾದರೆ ಯಾರೂ ಸುಳ್ಳು ಎನ್ನುವಂತಿಲ್ಲವಲ್ಲ. ಬೇರೆಯವರು ಬೆಲ್ಲ ಬಿಟ್ಟಂತೆ ಅಪ್ಪ ನನ್ನ ಕೂಡ ಕನ್ನಡ ಬಿಟ್ಟ.

ಅಪ್ಪನ ಮರಾಠಿ ಪೇಟೆಯ ಮರಾಠಿ. ಲಿಲಾವು, ತೂಕ, ಗಿರಾಕಿ ಇವುಗಳ ನಡುವೆ ಕಲಿತದ್ದು. ಅದರಲ್ಲಿ ಮಗಳನ್ನು ಬೈಯಲು, ಮುದ್ದು ಮಾಡಲು ಬೇಕಾದ ಶಬ್ದ ಇರಲಿಲ್ಲ. ನನಗೆ ಜ್ವರ ಬಂದಾಗ ಹತ್ತಿರ ಕೂತು, ಈಗ ಹೇಗಿದೆ ಪ್ರಕೃತಿ, ಅಂದರೆ ಆರೋಗ್ಯ, ಎಂದು ವ್ಯಾಪಾರಿಗಳನ್ನು ಕೇಳುವ ಹಾಗೆ ಕೇಳಿದ. 'ಅವ್ವಾ' ಎಂದು ನನ್ನನ್ನು ಕರೆಯುತ್ತಿದ್ದುದು ನಿಂತುಹೋಯಿತು.

ಬೇಡ ಅಪ್ಪಾ, ಬಿಡಿ ಎಂದು ಒಂದು ಮಾತು ಹೇಳಲು ನನಗೇನಾಗಿತ್ತು ಎಂದು ಕೇಳುತ್ತೀರಿ. ಆ ಮಾತು ತೆಗೆದರೆ ಆ ರವಿವಾರದ ಮಾತು ತೆಗೆಯಬೇಕು. ಆ ರವಿವಾರ ತೆಗೆದರೆ ನನ್ನ ಮದುವೆಯ ಮಾತು ಬರುತ್ತದೆ. ಅಪ್ಪ ಮಗಳು ಅದನ್ನೆಲ್ಲ ಎದುರಾ ಎದುರು ಕೂತು ಆಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ನನ್ನ ನಾಲಿಗೆಯೂ ಮರಾಠಿಗೆ ಹೊರಳಿಕೊಂಡಿತು. ನಾಚಿಕೆಗೆ ಕಾಲ ಮೀರಿದರೆ ರೂಢಿಯಾಗುತ್ತದೆ.

ಮದುವೆಯೂ ಆಯಿತು. ಮರಾಠಿ ಫೋಲ್ಡರಿನ ಮನೆತನವೇ, ಸಾಂಗಲಿಯವರೇ. ಗಂಡ ಬ್ಯಾಂಕಿನವರು, ಮಾತು ಕಡಿಮೆ, ಮನಸ್ಸು ಒಳ್ಳೆಯದು. ಮದುವೆಯಾದ ಮರುವಾರ ಅಡುಗೆಮನೆಯಲ್ಲಿ ಹಾಲು ಉಕ್ಕಿತು. ಆವರೆಗೆ ಶುದ್ಧ ಮರಾಠಿ ಆಡುತ್ತಿದ್ದ ಅತ್ತೆ, "ಅಯ್ಯ, ಹಾಲ ಉಕ್ಕತಲ್ಲ, ಒಲಿ ಆರ್ಸ" ಎಂದು ಓಡಿ ಬಂದರು. ನಾನು ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಅವರೂ ಆ ಹರಿಪುರದ ತಾಯಿಯ ಹಾಗೆ ದನಿ ತಗ್ಗಿಸಿ ಮರಾಠಿ ಎಂದು ಬರೆಸಿದವರೇ. ಅವತ್ತಿನಿಂದ ಅವರ ಕಡೆಯ ದಿನದವರೆಗೂ ನಾವಿಬ್ಬರೂ ಅಡುಗೆಮನೆಯ ಬಾಗಿಲು ಹಾಕಿಕೊಂಡು ಕನ್ನಡ ಮಾತಾಡಿದೆವು. ನಾನು ಇಷ್ಟನ್ನಾದರೂ ಕನ್ನಡದಲ್ಲಿ ಬರೆಯುತ್ತಿದ್ದೇನೆಂದರೆ ಅವ್ವ ಕಲಿಸಿದ ಅಕ್ಷರ, ಅತ್ತೆ ಉಳಿಸಿದ ಮಾತು. ಅತ್ತೆಯ ಮನೆಯಲ್ಲಿ ಕನ್ನಡ, ತವರಿನಲ್ಲಿ ಮರಾಠಿ. ಯಾವ ಡಬ್ಬಿಗೆ ಹಾಕುತ್ತೀರೋ ಹಾಕಿ.

ಕೆಲವು ವರ್ಷಗಳ ಮೇಲೆ ಅಪ್ಪನಿಗೆ ಮಿರಜದಲ್ಲೇ ಹರ್ನಿಯಾದ ಆಪರೇಶನ್ ಆಯಿತು. ಪಕ್ಕದ ಕಾಟಿನಲ್ಲಿ ರಾಯಬಾಗ ಕಡೆಯ ಒಬ್ಬರು. ನಾನು ಬುತ್ತಿ ಹಿಡಿದುಕೊಂಡು ವಾರ್ಡಿನ ಬಾಗಿಲ ಹತ್ತಿರ ಬಂದವಳು ನಿಂತುಬಿಟ್ಟೆ. ಒಳಗೆ ಅಪ್ಪ ಕನ್ನಡದಲ್ಲಿ ಕಥೆ ಹೇಳುತ್ತಿದ್ದ. ಮ್ಹೈಸಾಳದ ನಮ್ಮ ಎಮ್ಮೆಯೊಂದು ಮಾರಿದ ಮರುದಿನವೇ ಕೃಷ್ಣೆಯನ್ನು ಈಜಿ ವಾಪಸು ಬಂದು ತನ್ನ ಗೂಟದ ಹತ್ತಿರ ನಿಂತ ಕಥೆ. ಅವ್ವ ಅದನ್ನು ಎಷ್ಟು ಸಲ ಕೇಳಿದರೂ ನಗುತ್ತಿದ್ದಳು. ಅಪ್ಪ ಎಮ್ಮೆಯ ದನಿ ಮಾಡಿ, ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆ ನಗುವನ್ನು ನಾನು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ಒಳಗೆ ಹೆಜ್ಜೆ ಇಟ್ಟೆ. ಅಪ್ಪ ನನ್ನನ್ನು ನೋಡಿ ನಗು ತಡೆದು, "ಆಲೀಸ?" ಎಂದ. ಬಂದೆಯಾ, ಎಂದು ಮರಾಠಿಯಲ್ಲಿ.

"ಏನ್ರಿ ಅಣ್ಣಾರ, ಮಗಳ ಕೂಡ ಮರಾಠಿ ಮಾತಾಡ್ತೀರಲಾ?" ಎಂದರು ಪಕ್ಕದವರು.

"ಆಕಿದು ಮರಾಠಿ ಅಂತ ಬರ್ಸೇವ್ರಿ," ಎಂದ ಅಪ್ಪ. ದನಿಯಲ್ಲಿ ಸಿಟ್ಟಿಲ್ಲ, ನೋವಿಲ್ಲ. ಆಕೆಗೆ ಸಿಹಿ ಆಗುವುದಿಲ್ಲ ಎಂದು ಹೇಳುವ ಹಾಗೆ. ನಾನು ಬುತ್ತಿಯ ಮುಚ್ಚಳ ತೆಗೆಯಲು ಬಹಳ ಹೊತ್ತು ಒದ್ದಾಡಿದೆ. ಅಂದು ಪಟ್ಟ ನಾಚಿಕೆಗೆ ಹೋಲಿಸಿದರೆ ಇಚಲಕರಂಜಿಯ ಬಾಯಾರ ಮುಂದೆ ಪಟ್ಟದ್ದು ಏನೂ ಅಲ್ಲ.

ಆಮೇಲೆ ತಮ್ಮ ಕೆಲಸ ಹಿಡಿದು ಮಿರಜಕ್ಕೇ ಬಂದ, ಮರಾಠಿ ಮನೆಯ ಹುಡುಗಿಯನ್ನೇ ತಂದ. ಅಪ್ಪನ ನೇಮ ನನ್ನೊಬ್ಬಳ ಕೂಡ ಎಂದಿದ್ದರೂ ಮನೆ ಎಂಬುದು ಹಾಗೆ ಗೆರೆ ಹಾಕಿದಂತೆ ಇರುವುದಿಲ್ಲ. ಕನ್ನಡ ಕೇಳದ ಮನೆಯಲ್ಲಿ ಮೊಮ್ಮಗಳು ಬೆಳೆದಳು. ಇದೇ, ಆಮೇಲೆ ಬರುತ್ತೇನೆ ಎಂದಿದ್ದ ಮಾತು.

ಮೊನ್ನೆ ಆ ಹುಡುಗಿ ನನ್ನ ಇತರ ಫೋಲ್ಡರನ್ನು ತೆರೆದು ನೋಡುತ್ತಿದ್ದಳು. ಬೇಡದ್ದನ್ನೆಲ್ಲ ಅಳಿಸಿದ ಮೇಲೆ ಉಳಿದ ಎರಡು ಫೋಟೊಗಳ ಬಗ್ಗೆ ಅವಳಿಗೆ ಗೊಂದಲವಿತ್ತು. ಬಿಲ್ಲಿನ ಫೋಟೊ ಹಿಡಿದದ್ದು. ಅದನ್ನು ಫೋಟೊ ಎನ್ನುವುದೋ ಬಿಲ್ಲು ಎನ್ನುವುದೋ. ಯಾವುದಾದರೂ ಒಂದಕ್ಕೆ ಹಾಕು ಎಂದೆ.

ಒಂದಕ್ಕೇ ಯಾಕೆ ಆತ್ಯಾ, ಎಂದಳು. ಒಯ್ದು ಹಾಕು ಅನ್ನುವ ಕಡೆ ಪ್ರತಿ ಮಾಡಿ ಹಾಕು ಅಂದರಾಯಿತು. ಎರಡೂ ಕಡೆ ಇರುತ್ತದೆ.

ಒಂದು ಶಬ್ದ ಬದಲಿಸಿ ಬಟನ್ ಒತ್ತಿದಳು. ಇತರ ಖಾಲಿಯಾಯಿತು. ಎರಡೂ ಕಡೆ ಆ ಬಿಲ್ಲುಗಳು ಸುಖವಾಗಿ ಕೂತಿದ್ದವು. ನಾನು ಮೆಂತ್ಯೆ ಕೈಯಲ್ಲಿ ಹಿಡಿದು ನೋಡುತ್ತ ಉಳಿದೆ. ಪ್ರತಿ ಮಾಡುವ ಅಪ್ಪಣೆ ನನಗೆ ಆಗಲೂ ಗೊತ್ತಿತ್ತು. ಕ್ಲಾಸಿನಲ್ಲಿ ಮೊದಲ ವಾರ ಕಲಿಸಿದ್ದೇ ಅದು. ಮದುವೆಯ ಫೈಲು ಎರಡು ಕಡೆ ಇದ್ದರೆ ಯಾರ ಗಂಟು ಹೋಗುತ್ತಿತ್ತು? ನನಗೆ ಹೊಳೆಯಲಿಲ್ಲ. ಒಂದು ಹುಡುಗಿ ಒಂದೇ ಕಡೆ ಇರಬೇಕು ಎಂದು ಕಾಕಾ ನಂಬಿದ್ದರು, ನಾನೂ ನಂಬಿದ್ದೆ.

ಎದ್ದು ಒಳಗಿನ ಖೋಲಿಗೆ ಹೋದೆ. ಅಪ್ಪ ಕಾಟಿನ ಮೇಲೆ ಗೋಡೆಗೆ ಒರಗಿ ಕೂತಿದ್ದ. ಪೇಟೆ ಬಿಟ್ಟು ಎಷ್ಟೋ ವರ್ಷವಾಗಿ ಉಗುರೆಲ್ಲ ಬೆಳ್ಳಗಾಗಿವೆ. ಬಾಗಿಲಲ್ಲಿ ನಿಂತು ಕನ್ನಡದಲ್ಲಿ ಕೇಳಿದೆ.

"ಅಪ್ಪಾ, ಚಾ ಮಾಡ್ಲೇನ್ರಿ?"

ಅಪ್ಪ ತಲೆ ಎತ್ತಿದ. ಮೆಲ್ಲಗೆ, ಮರಾಠಿಯಲ್ಲೇ ಕೇಳಿದ:

"ಫಾಯಿಲ್ ಬದಲಲೀಸ ಕಾ?"

ಫೈಲು ಬದಲಿಸಿದೆಯಾ.

ಅಪ್ಪನ ನೇಮಕ್ಕೆ ಒಂದು ಗಡುವು ಇರುತ್ತದೆಂಬುದನ್ನು ಚಹಾದ ದಿನ ಕಣ್ಣಾರೆ ಕಂಡವಳು ನಾನು. ಮರೆತಿದ್ದೆ. ನನ್ನ ಮದುವೆಯಾಗಿ, ಮಗ ಹುಟ್ಟಿ, ಆ ಕಂಪ್ಯೂಟರು ಗುಜರಿಗೆ ಹೋಗಿ, ಕಾಕಾ ತೀರಿಹೋಗಿ, ಇಷ್ಟೆಲ್ಲ ಆಗುವವರೆಗೆ ಅವನು ನನ್ನ ಬಾಯಿಂದ ಫೈಲು ಬದಲಿಸಿದೆ ಎಂಬ ಒಂದು ಮಾತಿಗಾಗಿ ಕಾಯುತ್ತ ಕೂತಿದ್ದ. ಕೇಳುವಂತಿರಲಿಲ್ಲ ಅವನು. ಹೇಳಬೇಕಾದವಳು ನಾನು.

ನೇರ ಹೊರಗೆ ಬಂದೆ. ಹುಡುಗಿಯನ್ನು ಸರಿಸಿ ಲ್ಯಾಪ್‌ಟಾಪಿನ ಮುಂದೆ ಕೂತೆ. ಹೊಸ ಫೈಲು ತೆರೆದು ನನ್ನ ಹೆಸರು ಕುಟ್ಟಿದೆ. ಕೆಳಗೆ ಮಾತೃಭಾಷೆ: ಘರೀ ಕನ್ನಡ, ಬಾಹೇರ ಮರಾಠಿ. ಎರಡು ಫೋಲ್ಡರು ಮಾಡಿಸಿ, ಎರಡಕ್ಕೂ ಪ್ರತಿ ಮಾಡು ಎಂದೆ. ಆತ್ಯಾಗೆ ತಲೆ ಕೆಟ್ಟಿತೇ ಎಂಬಂತೆ ನೋಡುತ್ತ ಅವಳು ಮಾಡಿದಳು. ಎರಡನ್ನೂ ತೆರೆದು ನೋಡಿಕೊಂಡು ಮತ್ತೆ ಒಳಗೆ ಹೋದೆ.

"ಆತ್ರಿ ಅಪ್ಪಾ. ಎರಡೂ ಕಡೆ ಹಾಕೇನಿ."

ಅಪ್ಪ ಹೂಂ ಎಂದ. ಕಾಲು ಕೆಳಗೆ ಬಿಟ್ಟು, ಚಪ್ಪಲಿ ಹುಡುಕಿ, ಸರಿಯಾಗಿ ಕೂತುಕೊಂಡ.

"ಸಕ್ಕರಿ ಕಮ್ಮಿ ಹಾಕವಾ," ಎಂದ.